ನೋಡುವ ಕಾಗದ, ಅಗೆಯುವ ಕಾಗದ

(ಶಾಲೆಯ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಉತ್ಸವದ ದಿವಸ ಗಣಿಯ ಕಾನೂನನ್ನು ಕುರಿತು ಮಾತನಾಡುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಕಳೆದ ಬೇಸಗೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯು ನಮ್ಮನ್ನು ಈ ವಿಷಯಕ್ಕೆ ಎಳೆದು ತಂದಿದೆ.

ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯು ತನ್ನ ತಂದೆಯವರೊಡನೆ ಒಂದು ಛಾಪಾ ಕಾಗದವನ್ನು ಹಿಡಿದು ನಮ್ಮ ಕೊಠಡಿಗೆ ಬಂದಳು. ತಂದೆಯವರು ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವರು. ಅವರ ಖುಷ್ಕಿ ಜಮೀನಿನಲ್ಲಿ ಒಳ್ಳೆಯ ಕಲ್ಲಿದೆಯೆಂದೂ, ಅದನ್ನು ಪರೀಕ್ಷಿಸಿ ನೋಡಲು ಮಾತ್ರ ಒಂದು ಸಹಿ ಬೇಕೆಂದೂ ಮಧ್ಯಸ್ಥನೊಬ್ಬನು ಹೇಳಿ ಕಾಗದವನ್ನು ಕೊಟ್ಟು ಹೋಗಿದ್ದನು. ಕಾಗದವು ತೆಲುಗಿನಲ್ಲಿತ್ತು. ತೆಲುಗು ಲಿಪಿಯು ನಮ್ಮ ಲಿಪಿಗೆ ಅಕ್ಕತಂಗಿಯಂತಿರುವುದರಿಂದ ಅಕ್ಷರ ಕೂಡಿಸಿ ಓದಬಹುದು. ದಸ್ತಾವೇಜಿನ ಭಾಷೆ ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವಂಥದಲ್ಲ. ಹುಡುಗಿಯು ಶಾಲೆಯಲ್ಲಿ ಕಲಿತ ತೆಲುಗಿನ ಬಲದಿಂದ ಒಂದೊಂದು ವಾಕ್ಯವನ್ನೂ ಓದಿ ಕನ್ನಡದಲ್ಲಿ ಹೇಳುತ್ತ ಬಂದು, ಮೂರನೆಯ ಪುಟದಲ್ಲಿ ನಿಂತುಬಿಟ್ಟಳು. ಇಪ್ಪತ್ತು ವರ್ಷಗಳ ಕಾಲ ಕಲ್ಲು ತೆಗೆದು ಸಾಗಿಸುವುದಕ್ಕೆ ಒಪ್ಪಿಗೆಯಿತ್ತಿದ್ದೇನೆಂದು ಅಲ್ಲಿ ಬರೆದಿತ್ತು. “ಅಪ್ಪಾ, ಇದು ನೋಡೋ ಕಾಗದ ಅಲ್ಲ, ಅಗೆಯೋ ಕಾಗದ” ಎಂದಳು.

ಕಾಯಿದೆಯ ಪುಸ್ತಕಗಳು ಅನೇಕ ಪುಟಗಳಲ್ಲಿ ವಿವರಿಸುವ ಭೇದವನ್ನು ಆ ಮಗು ಒಂದೇ ಮಾತಿನಲ್ಲಿ ಹೇಳಿತು. ಅದನ್ನೇ ನಾವು ಈ ದಿನ ಸ್ವಲ್ಪ ವಿಸ್ತರಿಸಿ ಹೇಳಲು ಬಯಸುತ್ತೇವೆ.

ನೆಲದಡಿಯ ವಸ್ತು ಯಾರದು ಎಂಬುದು ಹಳೆಯ ಪ್ರಶ್ನೆ. ನಮ್ಮ ಸೀಮೆಯ ದಾನಶಾಸನಗಳಲ್ಲಿ ಗ್ರಾಮವನ್ನು ದಾನ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಎಣಿಸಿ ಹೇಳುವ ಪದ್ಧತಿಯಿತ್ತು. ಮೇಲಿನ ಮಣ್ಣು ಬೇರೆ, ಒಳಗಿನ ಸಂಪತ್ತು ಬೇರೆ ಎಂಬ ಅರಿವು ಹಿರಿಯರಿಗೆ ಇದ್ದಿತೆಂಬುದಕ್ಕೆ ಇದು ಸಾಕ್ಷಿ. ನಮ್ಮ ಕಾಲದಲ್ಲಿ, 2013ರಲ್ಲಿ, ಮಲಬಾರಿನ ಜನ್ಮ ಭೂಮಿಗಳ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ನ್ಯಾಯಬದ್ಧವಾದ ಕ್ರಮದಿಂದ ಕಸಿದುಕೊಂಡಿಲ್ಲದಿದ್ದರೆ ನೆಲದಡಿಯ ಖನಿಜದ ಒಡೆತನವೂ ಸಾಮಾನ್ಯವಾಗಿ ಭೂಮಿಯ ಒಡೆಯನಿಗೇ ಸೇರುತ್ತದೆಂದು ತೀರ್ಮಾನಿಸಿತು. ಆದರೆ ಒಡೆತನ ಬೇರೆ, ಅಗೆಯುವ ಅಪ್ಪಣೆ ಬೇರೆ. ಒಡೆಯನೇ ಆದರೂ ಸರಕಾರದ ಅಪ್ಪಣೆಯಿಲ್ಲದೆ ಗಣಿ ತೋಡುವಂತಿಲ್ಲ.

ಈ ಅಪ್ಪಣೆಯ ಮೂಲವು 1957ರ ಗಣಿ ಮತ್ತು ಖನಿಜ ಕಾಯಿದೆ. ಅದು 1958ನೆಯ ಇಸವಿ ಜೂನ್ 1ರಿಂದ ಜಾರಿಗೆ ಬಂದಿತು. ಕಬ್ಬಿಣ, ಚಿನ್ನ, ತಾಮ್ರಗಳಂತಹ ಪ್ರಧಾನ ಖನಿಜಗಳ ನಿಯಮಗಳನ್ನು ಕೇಂದ್ರ ಸರಕಾರವು ಮಾಡುತ್ತದೆ. ಕಟ್ಟಡದ ಕಲ್ಲು, ಗರಸು, ಸಾಮಾನ್ಯ ಮರಳುಗಳಂತಹ ಉಪಖನಿಜಗಳ ನಿಯಮಗಳನ್ನು ರಾಜ್ಯ ಸರಕಾರವು ಮಾಡುತ್ತದೆ. ಆಂಧ್ರದಲ್ಲಿ ಇದಕ್ಕಾಗಿ 1966ರ ನಿಯಮಾವಳಿಯಿದೆ. ಪಟ್ಟಾ ಜಮೀನಿನಲ್ಲಿ ಕಲ್ಲು ತೆಗೆಯಬೇಕಾದರೆ ಪಟ್ಟಾದಾರನ ಒಪ್ಪಿಗೆ ಬೇಕು. ಆ ತಂದೆಯವರ ಒಂದು ಸಹಿಗೆ ಬೆಲೆ ಬಂದುದು ಇದರಿಂದಲೇ.

ಅಪ್ಪಣೆಯಲ್ಲಿ ಮುಖ್ಯವಾಗಿ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಶೋಧನೆಯ ಪರವಾನಗಿ: ಗುಂಡಿ ತೋಡಿ, ಬೋರು ಕೊರೆದು, ಖನಿಜವಿದೆಯೇ, ಎಷ್ಟಿದೆ ಎಂದು ಕಂಡುಕೊಳ್ಳುವುದು. ಎರಡನೆಯದು ಗಣಿ ಗುತ್ತಿಗೆ: ತೆಗೆದು, ಸಾಗಿಸಿ, ಮಾರುವುದು. 2015ರ ತಿದ್ದುಪಡಿಯ ತರುವಾಯ ಪ್ರಧಾನ ಖನಿಜಗಳ ಗುತ್ತಿಗೆಯನ್ನು ಹರಾಜಿನ ಮೂಲಕ, 50 ವರ್ಷಗಳ ಅವಧಿಗೆ ಕೊಡುವ ಪದ್ಧತಿ ಬಂದಿದೆ. 2023ರ ತಿದ್ದುಪಡಿಯು ಆಳದಲ್ಲಿರುವ ಹಾಗೂ ಅತ್ಯಗತ್ಯವಾದ 29 ಖನಿಜಗಳಿಗೆ ಪ್ರತ್ಯೇಕ ಅನ್ವೇಷಣಾ ಪರವಾನಗಿಯನ್ನು ಏರ್ಪಡಿಸಿದೆ. ಅಪ್ಪಣೆಯಿಲ್ಲದೆ ಅಗೆದವನಿಗೆ ಐದು ವರ್ಷಗಳವರೆಗೆ ಸೆರೆವಾಸ, ಹೆಕ್ಟೇರೊಂದಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ದಂಡ.

ಅಗೆದ ಖನಿಜಕ್ಕೆ ಗುತ್ತಿಗೆದಾರನು ಸರಕಾರಕ್ಕೆ ರಾಜಧನ ಸಲ್ಲಿಸುತ್ತಾನೆ. 2015ರಿಂದ ಪ್ರಧಾನ ಖನಿಜಗಳ ಗುತ್ತಿಗೆದಾರನು ಆ ರಾಜಧನಕ್ಕೆ ಹೆಚ್ಚುವರಿಯಾಗಿ ಇನ್ನೊಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡತಕ್ಕದ್ದು. ಹರಾಜಿನಲ್ಲಿ ಪಡೆದ ಗುತ್ತಿಗೆಗೆ ಅದು ರಾಜಧನದ ಶೇಕಡ 10, ಹಳೆಯ ಗುತ್ತಿಗೆಗೆ ಶೇಕಡ 30. ಗಣಿಯಿಂದ ತೊಂದರೆಗೊಳಗಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಈ ಹಣ ಸಲ್ಲಬೇಕು. ಗಣಿಯ ಧೂಳನ್ನು ನುಂಗುವ ಊರಿನವರು ಇದನ್ನು ದಯೆಯೆಂದು ಬೇಡಬೇಕಾಗಿಲ್ಲ, ಹಕ್ಕೆಂದು ಕೇಳಬಹುದು.

ಇನ್ನೊಂದು ಹಕ್ಕು ನಮ್ಮಂತಹ ಗಡಿನಾಡಿನವರಿಗೆ ವಿಶೇಷವಾಗಿ ತಿಳಿದಿರಬೇಕು. 2006ರ ಪರಿಸರ ಅಧಿಸೂಚನೆಯ ಮೇರೆಗೆ ದೊಡ್ಡ ಗಣಿಗಳ ವಿಷಯದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯತಕ್ಕದ್ದು. ಮೂವತ್ತು ದಿನಗಳಿಗೆ ಕಡಮೆಯಿಲ್ಲದಂತೆ ಮುಂಚಿತವಾಗಿ ತಿಳಿವಳಿಕೆ ಕೊಡಬೇಕು. ಜನರು ಎತ್ತಿದ ಪ್ರಶ್ನೆಗಳನ್ನೂ ಗಣಿಯವರ ಉತ್ತರಗಳನ್ನೂ ಇಂಗ್ಲಿಷಿನಲ್ಲಿಯೂ, ಸ್ಥಳೀಯ ಭಾಷೆಯಲ್ಲಿ ಇಲ್ಲವೆ ರಾಜ್ಯಭಾಷೆಯಲ್ಲಿಯೂ ಬರೆದಿಡಬೇಕು. ಆ ಸಭೆಗೆ ಹೋಗಿ ಎದ್ದು ನಿಂತು ಕೇಳುವವರಿಲ್ಲದಿದ್ದರೆ ಬರೆದಿಡಲು ಏನಿರುತ್ತದೆ?

ಗಡಿಯ ಮಾತು ಬಂದಾಗ ನಮ್ಮ ಬೆಟ್ಟಗಳನ್ನು ಮರೆಯುವಂತಿಲ್ಲ. 1953ನೆಯ ಇಸವಿ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ವಿಭಾಗಿಸಿದಾಗ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ಗಡಿಯ ರೇಖೆಯು ಕಬ್ಬಿಣದ ಬೆಟ್ಟಗಳ ಮೇಲೆಯೇ ಹಾದುಹೋಯಿತು. ಓಬಳಾಪುರದ ಸುತ್ತಿನ ಗಣಿಗಳು ಯಾವ ರಾಜ್ಯದೊಳಗೆ ಎಷ್ಟು ದೂರ ಹಬ್ಬಿವೆ ಎಂಬುದೇ ವಿವಾದವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ತೀರ್ಪಿನಲ್ಲಿ ಕೆಲವು ಗುತ್ತಿಗೆಗಳಿಗೆ ಮತ್ತೆ ಅವಕಾಶವಿತ್ತರೂ ಗಡಿಯ ಬಳಿಯ ಏಳು ಗುತ್ತಿಗೆಗಳ ಕೆಲಸವು ಗಡಿ ವಿವಾದ ಬಗೆಹರಿಯುವವರೆಗೆ ನಿಂತಿರಬೇಕೆಂದು ವಿಧಿಸಿತು. ಹೊಲದ ಬಾಂದು ಕಲ್ಲು ಅತ್ತಿತ್ತ ಸರಿದರೆ ಇಬ್ಬರು ರೈತರ ಜಗಳ. ಬೆಟ್ಟದ ಗಡಿ ಮಸುಕಾದರೆ ಎರಡು ರಾಜ್ಯಗಳ ಜಗಳ.

ಹಾಗೆಂದು ಗಣಿಯೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಈ ಸಭೆಯಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿಯ ಮನೆಯ ಒಲೆಯು ಗಣಿಯ ಕೂಲಿಯಿಂದ ಉರಿದಿದೆ. ಈ ಶಾಲೆಯ ಗೋಡೆಯೂ ಯಾವುದೋ ಕ್ವಾರಿಯ ಕಲ್ಲೇ. ಒಪ್ಪಿಗೆ ಕೊಡುವವನು ತಿಳಿದು ಕೊಡಲಿ ಎಂಬುದಷ್ಟೇ ನಮ್ಮ ಮಾತು. ಸಹಿ ಮಾಡುವ ಮೊದಲು ನಾಲ್ಕು ಸಂಗತಿಗಳನ್ನು ನೋಡಿರಿ: ಸರ್ವೆ ನಂಬರೂ ವಿಸ್ತೀರ್ಣವೂ ಸರಿಯೇ, ಶೋಧನೆಗೋ ಗಣಿಗೋ, ಎಷ್ಟು ವರ್ಷ, ಕೆಲಸ ಮುಗಿದ ಮೇಲೆ ಗುಂಡಿಯನ್ನು ಮುಚ್ಚುವವರು ಯಾರು.

ಆ ತಂದೆಯವರು ಅಂದು ಸಹಿ ಮಾಡಲಿಲ್ಲ. “ಮನೆಯಲ್ಲಿ ಇವಳ ತಾಯಿಗೂ ಓದಿ ಹೇಳಿಸಿ, ಆಮೇಲೆ ನೋಡುತ್ತೇನೆ, ಸಾರ್” ಎಂದು ಕಾಗದವನ್ನು ಮಡಿಸಿಕೊಂಡು ಹೋದರು. ಮುಂದೆ ಕೊಟ್ಟರೋ ಬಿಟ್ಟರೋ ಅದು ಅವರ ಹೊಲ, ಅವರ ವಿವೇಕ. ನಾವು ಕೇಳಲಿಲ್ಲ.

ಕನ್ನಡ ಶಾಲೆಯಲ್ಲಿ ಓದಿ ನಮ್ಮ ಮಕ್ಕಳಿಗೆ ಆಗುವ ಪ್ರಯೋಜನವೇನು ಎಂದು ಪ್ರತಿ ವರ್ಷವೂ ಕೆಲವರು ಪೋಷಕರು ನಮ್ಮನ್ನು ಕೇಳುತ್ತಾರೆ. ತೆಲುಗಿನ ಕಾಗದವನ್ನು ತಂದೆಗೆ ಕನ್ನಡದಲ್ಲಿ ತಿಳಿಸಬಲ್ಲ ಮಗಳು ಆ ದಿನ ನಮ್ಮ ಕೊಠಡಿಯಲ್ಲಿ ನಿಂತಿದ್ದಳು. ವಿದ್ಯಾರ್ಥಿಗಳೇ, ನಿಮ್ಮ ಮನೆಗೆ ಬರುವ ಯಾವ ಕಾಗದವನ್ನೂ ಓದದೆ ಬಿಡಬೇಡಿರಿ. ನಿಮಗೆ ಅರ್ಥವಾಗದಿದ್ದರೆ ನಮ್ಮ ಬಳಿಗೆ ತನ್ನಿರಿ, ಕೂಡಿ ಓದೋಣ.