ಒಂದೇ ನೀರು, ಬೇರೆ ಬೇರೆ ವಯಸ್ಸು



ಬದುಕಿನ ಒಂದೊಂದು ಹಂತದಲ್ಲೂ ಆರೋಗ್ಯದ ಅಗತ್ಯ ಹೇಗೆ ಬದಲಾಗುತ್ತದೆ ಎಂಬುದು ಈ ಎರಡು ದಿನದ ಗೋಷ್ಠಿಯ ವಿಷಯ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ನಿಂತು ಆರೋಗ್ಯದ ಮಾತು ತೆಗೆದರೆ ಮೊದಲು ಬರುವುದು ನೀರು. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಎರಡು ಹೊಳೆಗಳ ನಡುವೆ ಇದ್ದೂ ನಮ್ಮ ಹಲವು ಹಳ್ಳಿಗಳು ಕುಡಿಯುವುದು ಬೋರ್‌ವೆಲ್ ನೀರನ್ನು. ಅದರಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ಊರಿನಲ್ಲಿ ಹುಟ್ಟಿ ಬೆಳೆದ ಮಗುವಿನ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಸುಮಾರು ಎಂಟು ವರ್ಷದವರೆಗೆ ಹಲ್ಲಿನ ಹೊರಕವಚ ಇನ್ನೂ ರೂಪುಗೊಳ್ಳುತ್ತಿರುತ್ತದೆ, ಹಾನಿ ಆಗುವುದು ಆಗಲೇ. ಹದಿನೆಂಟಕ್ಕೆ ಅದೇ ಊರಿಗೆ ಸೊಸೆಯಾಗಿ ಬಂದವಳ ಹಲ್ಲು ಬಿಳಿಯಾಗಿಯೇ ಉಳಿಯುತ್ತದೆ. ಆದರೆ ವರ್ಷಗಟ್ಟಲೆ ಆ ನೀರು ಕುಡಿದ ಮೇಲೆ ಅವಳ ಬೆನ್ನು ಬಿಗಿಯುತ್ತದೆ, ಮೊಣಕಾಲು ಮಡಚಲು ಬರುವುದಿಲ್ಲ. ಅವಳಿಗೆ ‘ವಯಸ್ಸಾಯ್ತಮ್ಮ’ ಎಂದು ಹೇಳಿ ನೋವಿನ ಗುಳಿಗಿ ಕೊಟ್ಟು ಕಳಿಸುತ್ತೇವೆ. ಒಂದೇ ನೀರು, ಮಗುವಿಗೆ ಒಂದು ರೋಗ, ಅದರ ಅಜ್ಜಿಗೆ ಇನ್ನೊಂದು.

ಅದೇ ಮನೆಯ ಹಸುಗೂಸಿಗೆ ಫ್ಲೋರೈಡ್‌ಗಿಂತ ದೊಡ್ಡ ಭಯ ಕ್ರಿಮಿಯದು. 2022ರ ಬೇಸಿಗೆಯಲ್ಲಿ ಇದೇ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಅದನ್ನು ನಾವು ಯಾರೂ ಮರೆಯಬಾರದು. ಅಂದಿನಿಂದ ಎಲ್ಲ ಕಡೆ ‘ನೀರು ಕುದಿಸಿ ಕುಡಿಯಿರಿ’ ಎಂದು ಹೇಳುತ್ತಾ ಬಂದಿದ್ದೇವೆ. ವಾಂತಿಭೇದಿಗೆ ಅದು ಸರಿಯಾದ ಸಲಹೆ. ಆದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಯಾವ ಮನೆಗೆ ಯಾವ ಮಾತು ಹೇಳಬೇಕು ಎಂಬುದು ಆ ಮನೆಯಲ್ಲಿ ಯಾವ ವಯಸ್ಸಿನವರಿದ್ದಾರೆ, ಆ ಊರಿನ ನೀರು ಎಂಥದು ಎಂಬ ಎರಡರ ಮೇಲೂ ನಿಂತಿದೆ.

ಒಂದು ವಯಸ್ಸಿನಲ್ಲಿ ಆದದ್ದು ಇನ್ನೊಂದು ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಜಗತ್ತು ಗುರುತಿಸಿದ ಸಾಕ್ಷಿಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಯಾವ ಸಂಶೋಧನೆಯ ಉದ್ದೇಶವೂ ಇರಲಿಲ್ಲ. ದಾದಿಯರು ತೂಗಿದರು, ಪುಸ್ತಕದಲ್ಲಿ ಬರೆದರು. ದಶಕಗಳ ನಂತರ, 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. 1996ರಲ್ಲಿ ಅದು ಪ್ರಕಟವಾಯಿತು. ಅಂದರೆ ಇಂದು ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಕಿಲೋ ತೂಕದ ಕೂಸು ಹುಟ್ಟಿದರೆ, ಐವತ್ತು ವರ್ಷದ ನಂತರದ ಹೃದಯದ ವಾರ್ಡಿಗೂ ಅದಕ್ಕೂ ಸಂಬಂಧವಿದೆ. ಆ ಕೂಸಿನ ತೂಕವನ್ನು ಸರಿಯಾಗಿ ಬರೆದಿಡುವ ನರ್ಸ್ ಮಾಡುವ ಕೆಲಸ ಎಷ್ಟು ದೊಡ್ಡದು ಎಂದು ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಗಮನಿಸಬೇಕು.

ಆ ಕೂಸಿನ ತೂಕ ತಾಯಿಯ ರಕ್ತದಲ್ಲಿ ನಿರ್ಧಾರವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು, 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಇದಕ್ಕೆ ಒಳ್ಳೆಯ ಕಾರ್ಯಕ್ರಮಗಳೂ ಬಂದಿವೆ. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ 2017ರಲ್ಲಿ ಬಂತು. ರಾಜ್ಯಕ್ಕೆಲ್ಲ ಹರಡುವ ಮೊದಲು ಪ್ರಯೋಗಕ್ಕೆ ಆರಿಸಿದ ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾಯಿತು. ಆಗ ದೊಡ್ಡ ವಿವಾದವಾಯಿತು. ಮಕ್ಕಳು ಮಾತ್ರ ಖುಷಿಯಿಂದ ತಿಂದರು, ನನಗೆ ಅಷ್ಟು ಸಾಕು.

ಹಾಗಿದ್ದರೆ ಕೊರತೆ ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಒಂದು ಹಂತ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ. ನಮ್ಮ ವ್ಯವಸ್ಥೆಗೆ ಗರ್ಭಿಣಿ ಗೊತ್ತು, ಕೂಸು ಗೊತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಮೂರನೇ ದಿನದಿಂದ ನಲವತ್ತೆರಡನೇ ದಿನದೊಳಗೆ ಆರು ಸಲ ಮನೆಗೆ ಹೋಗುತ್ತಾಳೆ. ಆಮೇಲೆ ಲಸಿಕೆ, ಅಂಗನವಾಡಿ, ಶಾಲೆ. ಶಾಲೆಯಲ್ಲಿದ್ದರೆ ವೈದ್ಯರ ತಂಡ ವರ್ಷಕ್ಕೊಮ್ಮೆ ನೋಡುತ್ತದೆ, ವಾರಕ್ಕೊಂದು ಕಬ್ಬಿಣಾಂಶದ ಗುಳಿಗಿ ಸಿಗುತ್ತದೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹುಡುಗಿಗೆ? ಅವಳಿಗೂ ಅಂಗನವಾಡಿಯಲ್ಲಿ ಗುಳಿಗಿ ಇದೆ ಎನ್ನುತ್ತದೆ ಕಾಗದ. ಆದರೆ ಅಂಗನವಾಡಿ ತೆರೆಯುವ ಹೊತ್ತಿಗೆ ಅವಳು ಟಂಟಂ ಹತ್ತಿ ಹೊಲಕ್ಕೆ ಹೋಗಿರುತ್ತಾಳೆ. ಮೈನೆರೆದು, ಮೈ ಬೆಳೆಯುತ್ತಿರುವ, ರಕ್ತ ಅತಿ ಹೆಚ್ಚು ಬೇಕಾದ ವಯಸ್ಸಿನಲ್ಲೇ ಅವಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮತ್ತೆ ಕಾಣುವುದು ಅವಳು ಬಸುರಿಯಾಗಿ ತಾಯಿ ಕಾರ್ಡ್ ಮಾಡಿಸಲು ಬಂದಾಗ. ಅಷ್ಟರಲ್ಲಿ ತಡವಾಗಿರುತ್ತದೆ.

ಎರಡು ಮೂರು ಮಕ್ಕಳಾಗಿ, ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್ ಆಯಿತು ಎಂದರೆ ಅವಳು ಇನ್ನೊಮ್ಮೆ ಮರೆಯಾಗುತ್ತಾಳೆ. ಆಮೇಲೆ ಅವಳ ಮುಟ್ಟಿನ ಅತಿಯಾದ ಸ್ರಾವವನ್ನಾಗಲಿ, ಬಿಳಿಸೆರಗನ್ನಾಗಲಿ, ಮುಟ್ಟು ನಿಲ್ಲುವ ಕಾಲದ ಸಂಕಟವನ್ನಾಗಲಿ ವಿಚಾರಿಸುವವರು ಯಾರು? ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆ ಆಗಬೇಕೆಂಬ ನಿಯಮವಿದೆ. ಆದರೆ ‘ಆರಾಮದೀನಿ’ ಎಂದು ಹೊಲಕ್ಕೆ ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ ತೋಳಿಗೆ ಪಟ್ಟಿ ಕಟ್ಟುವುದು ಸುಲಭವಲ್ಲ ಎಂದು ಇಲ್ಲಿ ಕುಳಿತಿರುವ ಆಶಾ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು.

ಗಂಡಸರ ಲೆಕ್ಕ ಇನ್ನೂ ಬಡವಾಗಿದೆ. ಮಾನ್ವಿಯ ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ ಬರಿಗೈ, ಬರಿಗಾಲಲ್ಲಿ ಎಣ್ಣಿ ಹೊಡೆಯುವ ಇಪ್ಪತ್ತೆರಡರ ಯುವಕ ಯಾವ ಕಾರ್ಯಕ್ರಮದ ವಯೋಮಿತಿಗೆ ಸೇರುತ್ತಾನೆ? ಶಾಲೆಯ ತಪಾಸಣೆ ಹದಿನೆಂಟಕ್ಕೆ ಮುಗಿಯಿತು, ಮೂವತ್ತರದ್ದು ಇನ್ನೂ ಬಂದಿಲ್ಲ. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ದುಡಿಯುವ ಅವನ ಮೂತ್ರಪಿಂಡಕ್ಕೆ, ನಂಜು ಉಸಿರಾಡುವ ಅವನ ಪುಪ್ಪುಸಕ್ಕೆ ಕಾಯುವಷ್ಟು ವ್ಯವಧಾನವಿಲ್ಲ. ಇದನ್ನು ನಾಳಿನ ಎರಡನೇ ಅಧಿವೇಶನ ಕೈಗೆತ್ತಿಕೊಳ್ಳಬೇಕು.

ಇನ್ನು ಗುಳೆ. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಕುಟುಂಬಗಳು ದುಡಿಯಲು ಹೊರಟಾಗ ಮನೆಯಲ್ಲಿ ಉಳಿಯುವವರು ಯಾರು? ಮುತ್ಯಾ, ಆಯಿ ಮತ್ತು ಶಾಲೆಗೆ ಹೋಗುವ ಅಥವಾ ಇನ್ನೂ ಹೋಗದ ಮೊಮ್ಮಕ್ಕಳು. ಮೈಯ ನೀರು ಬೇಗ ಬತ್ತುವ ಎರಡು ವಯಸ್ಸುಗಳು ಒಂದೇ ತಗಡಿನ ಸೂರಿನ ಕೆಳಗೆ. ಮುದುಕರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ. ಕೂಸಿಗೆ ತಿಳಿದರೂ ಹೇಳಲು ಬರುವುದಿಲ್ಲ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಜೊತೆಗೆ ಸತುವಿನ ಗುಳಿಗಿಯನ್ನು ಹದಿನಾಲ್ಕು ದಿನ, ಭೇದಿ ನಿಂತ ಮೇಲೂ, ಕೊಡಬೇಕು. ಕಣ್ಣಿಗೆ ಪೊರೆ ಬಂದ ಆಯಿ ಆ ಪಟ್ಟಿಯ ಮೇಲಿನ ಅಕ್ಷರ ಓದಬಲ್ಲಳೇ? ಮಗುವಿನ ಜೀವ ಉಳಿಯಲು ಅಜ್ಜಿಯ ಕಣ್ಣಿನ ಆಪರೇಷನ್ ಮೊದಲು ಆಗಬೇಕು. ಮಕ್ಕಳ ವಿಭಾಗ, ಕಣ್ಣಿನ ವಿಭಾಗ ಎಂದು ಬೇರೆ ಬೇರೆ ಕೋಣೆಯಲ್ಲಿ ಕೂಡುವ ನಮಗೆ ಇದು ಹೊಳೆಯುವುದಿಲ್ಲ.

ಮಾನ್ವಿಯ ಜಗನ್ನಾಥದಾಸರ ಬಗ್ಗೆ ಈ ಭಾಗದಲ್ಲಿ ಪ್ರಚಲಿತವಾದ ಐತಿಹ್ಯ ನಿಮಗೆಲ್ಲ ಗೊತ್ತು: ಹೊಟ್ಟೆಶೂಲೆಯಿಂದ ನರಳುತ್ತಿದ್ದ ಅವರಿಗೆ ಗೋಪಾಲದಾಸರು ತಮ್ಮ ಆಯಸ್ಸಿನ ನಲವತ್ತು ವರ್ಷ ಧಾರೆಯೆರೆದರು. ಇನ್ನೊಬ್ಬರ ಆಯಸ್ಸಿಗೆ ತಾನು ಹೊಣೆ ಎಂಬ ಭಾವ ಈ ನೆಲಕ್ಕೆ ಹೊಸದಲ್ಲ. ನಾವು ಕೇಳುತ್ತಿರುವುದು ಅದಕ್ಕಿಂತ ಬಹಳ ಸಣ್ಣದು.

ಗೋಷ್ಠಿಯ ಮುಂದೆ ಎರಡು ಬೇಡಿಕೆ ಇಡುತ್ತೇನೆ. ಒಂದು, ಗುಳೆ ಹೋಗುವ ಬಸುರಿಗೆ, ಅವಳು ಹೊರಡುವ ಮೊದಲು, ಹೋಗುವ ಊರಿನ ಆರೋಗ್ಯ ಕೇಂದ್ರದ ಹೆಸರು ತಾಯಿ ಕಾರ್ಡಿನ ಮೇಲೆ ಬರೆದಿರಬೇಕು. ಇಲ್ಲಿಂದ ಅಲ್ಲಿಗೆ ಒಂದು ಫೋನ್ ಹೋಗಬೇಕು. ಎರಡನೆಯದು, ಅಲಾಯಿ ಹಬ್ಬ ಮತ್ತು ಊರ ಜಾತ್ರೆಗೆ ಸಂಬಂಧಿಸಿದ್ದು. ಎಲ್ಲಿ ದುಡಿಯುತ್ತಿದ್ದರೂ ಆ ದಿನಗಳಿಗೆ ನಮ್ಮ ಜನ ಊರಿಗೆ ಬಂದೇ ಬರುತ್ತಾರೆ. ಮೂರು ತಲೆಮಾರು ಒಟ್ಟಿಗೆ ಮನೆಯಲ್ಲಿರುವ ದಿನಗಳು ಅವೇ. ಬಿಪಿ, ಸಕ್ಕರೆ, ರಕ್ತದ ಪರೀಕ್ಷೆ, ಕಣ್ಣಿನ ತಪಾಸಣೆ, ತಪ್ಪಿದ ಲಸಿಕೆ ಎಲ್ಲವನ್ನೂ ಆ ವಾರಕ್ಕೆ ಇಟ್ಟುಕೊಳ್ಳಬಹುದು. ದೇವದುರ್ಗ ಮತ್ತು ಮಾನ್ವಿಯ ಎರಡೆರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮುಂದಿನ ಅಲಾಯಿಗೆ ಇದನ್ನು ಮಾಡಿ ನೋಡಲು ಯಾರು ಸಿದ್ಧರಿದ್ದೀರಿ ಎಂದು ಮಧ್ಯಾಹ್ನದ ಗುಂಪು ಚರ್ಚೆಯಲ್ಲಿ ಕೈ ಎತ್ತಿ ತಿಳಿಸಿ. ಆಶಾ ಕಾರ್ಯಕರ್ತೆಯರಿಗೆ ಆ ವಾರದ ಕೂಲಿ ಎಲ್ಲಿಂದ ಬರಬೇಕು ಎಂಬುದನ್ನೂ ಅಲ್ಲೇ ಮಾತಾಡೋಣ.