ರೊಟ್ಟಿ ಕಾಯುವವನೂ ಹಿಟ್ಟು ನಾದುವವಳೂ
(ಸಂಘದ ವಾಚನಾಲಯದಲ್ಲಿ ರಾತ್ರಿಶಾಲೆಯ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಹೋದ ವಾರ ರಾತ್ರಿಶಾಲೆಯ ಹುಡುಗನೊಬ್ಬ ನನ್ನನ್ನು ಕೇಳಿದ: “ಅಣ್ಣಾ, ಇಂಗ್ಲೆಂಡಿನ ಅರಸರ ಹೆಸರು ಬಾಯಿಪಾಠ ಮಾಡಿ ನಮಗೇನು ಬರಬೇಕು? ಅವರೇನು ನಮ್ಮ ಕಪ್ಪುಬಸಿ ತೊಳೆದುಕೊಡುತ್ತಾರೆಯೇ?” ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ತಲೆಯಲ್ಲಿಯೇ ಉಳಿಯಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಪಂಡಿತನಲ್ಲ. ಈ ವಾಚನಾಲಯದ ಕಪಾಟಿನಲ್ಲಿ ಸಿಕ್ಕಷ್ಟನ್ನು ಓದಿ ಬಂದಿದ್ದೇನೆ. ಆ ತಮ್ಮ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ. ಅವನಿಗೇ ಹೇಳುತ್ತೇನೆಂದು ತಿಳಿಯಿರಿ.

ಸುಮಾರು 1200 ವರ್ಷಗಳ ಹಿಂದೆ ಇಂಗ್ಲೆಂಡ್ ಎಂಬ ಒಂದು ರಾಜ್ಯವೇ ಇರಲಿಲ್ಲ. ಉತ್ತರದಲ್ಲಿ ನಾರ್ತಂಬ್ರಿಯಾ, ನಡುವೆ ಮರ್ಸಿಯಾ, ಮೂಡಲಿಗೆ ಈಸ್ಟ್ ಆಂಗ್ಲಿಯಾ, ತೆಂಕಣ ಪಡುವಲಿಗೆ ವೆಸೆಕ್ಸ್, ಹೀಗೆ ಹಲವು ರಾಜ್ಯಗಳು ಒಂದನ್ನೊಂದು ಕಚ್ಚಾಡುತ್ತಿದ್ದವು. ವೆಸೆಕ್ಸಿನ ಎಗ್ಬರ್ಟ್ ಎಂಬವನು ಎಳೆತನದಲ್ಲಿ ದೇಶಭ್ರಷ್ಟನಾಗಿ ಫ್ರಾಂಕರ ನಾಡಿನಲ್ಲಿದ್ದು, 802ರಲ್ಲಿ ಮರಳಿ ಬಂದು ಅರಸನಾದನು. 825ರಲ್ಲಿ ಎಲೆಂಡನ್ ಎಂಬಲ್ಲಿ ಮರ್ಸಿಯಾದ ಸೈನ್ಯವನ್ನು ಮುರಿದನು. ಮನೆತನದ ಏಳಿಗೆ ಅಲ್ಲಿಂದ. ಅವನ ಮಗ ಎಥೆಲ್‌ವುಲ್ಫನಿಗೆ ಹಲವು ಗಂಡುಮಕ್ಕಳು. ಅವರಲ್ಲಿ ನಾಲ್ವರು ಒಬ್ಬರ ಹಿಂದೊಬ್ಬರಂತೆ ಪಟ್ಟಕ್ಕೆ ಬಂದರು. ಕಡೆಯವನು ಆಲ್‌ಫ್ರೆಡ್. ಕಿರಿಯವನಿಗೆ ಪಟ್ಟ ಬರುವುದೆಂದು ಯಾರೂ ಎಣಿಸಿರಲಿಲ್ಲ.

871ರಲ್ಲಿ ಅವನಿಗೆ ಬಂದದ್ದಾದರೂ ಎಂಥ ಪಟ್ಟ! ಕಡಲಾಚೆಯಿಂದ ಬಂದ ಡೇನರು ಉಳಿದ ರಾಜ್ಯಗಳನ್ನು ಒಂದೊಂದಾಗಿ ನುಂಗುತ್ತಿದ್ದರು. ಆಲ್‌ಫ್ರೆಡ್ ಕಾದಾಡಿದ, ಸೋತ, ಕೊನೆಗೆ ಹಣ ಕೊಟ್ಟು ಅವರನ್ನು ಸಾಗಹಾಕಿದ. ಹಣ ಕೊಟ್ಟರೆ ಹೋದವರು ಮತ್ತೆ ಬರುತ್ತಾರೆ. ಹಫ್ತಾ ಕೊಟ್ಟು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 878ರ ಜನವರಿಯಲ್ಲಿ, ಕ್ರಿಸ್‌ಮಸ್ ಹಬ್ಬ ಮುಗಿದ ಹೊಸತರಲ್ಲಿ, ಗುತ್ರಮ್ ಎಂಬ ಡೇನರ ನಾಯಕ ಚಿಪ್ಪನ್‌ಹ್ಯಾಮಿನ ಮೇಲೆ ಬಿದ್ದನು. ಅರಸನು ಬೆರಳೆಣಿಕೆಯ ಜನರೊಂದಿಗೆ ಸಾಮರ್ಸೆಟ್ಟಿನ ಜೌಗು ನೆಲದಲ್ಲಿ ಅಡಗಿದನು.

ಇಲ್ಲಿ ಒಂದು ಕತೆ ಬರುತ್ತದೆ. ಹಂದಿ ಕಾಯುವವನ ಗುಡಿಸಲಿನಲ್ಲಿ ವೇಷ ಮರೆಸಿ ಕುಳಿತಿದ್ದ ಅರಸನಿಗೆ, ಮನೆಯೊಡತಿ ಒಲೆಯ ಮೇಲಿನ ರೊಟ್ಟಿ ನೋಡಿಕೊಳ್ಳಲು ಹೇಳಿದಳಂತೆ. ಅವನು ಯೋಚನೆಯಲ್ಲಿ ಮುಳುಗಿದ, ರೊಟ್ಟಿ ಸೀದುಹೋಯಿತು. “ತಿನ್ನುವಾಗ ಮುಂದು, ಕಾಯಿಸುವಾಗ ಹಿಂದು” ಎಂಬ ಅರ್ಥದಲ್ಲಿ ಆಕೆ ಅವನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದಳಂತೆ. ಈ ಕತೆ ಬರವಣಿಗೆಗೆ ಬಂದದ್ದು ನೂರು ವರ್ಷ ಕಳೆದ ಮೇಲೆ, ಒಬ್ಬ ಸಂತನ ಚರಿತ್ರೆಯಲ್ಲಿ. ಅರಸನನ್ನು ಕಣ್ಣಾರೆ ಕಂಡು ಅವನ ಜೀವನ ಬರೆದ ಆಸರ್ ಎಂಬ ಪಾದ್ರಿಗೆ ಇದು ಗೊತ್ತಿಲ್ಲ. ಆದುದರಿಂದ ನಡೆದದ್ದೆಂದು ನಾನು ಹೇಳಲಾರೆ. ಆದರೂ ಕಾವಲಿಯ ಮುಂದೆ ನಿಂತು ಬೈಸಿಕೊಂಡವರಿಗೆ ಇದು ಸುಳ್ಳಾಗಿರಲಿ ಎಂದು ಅನಿಸುವುದಿಲ್ಲ.

ಅದೇ ವರ್ಷದ ಬೇಸಗೆಯಲ್ಲಿ ಸುತ್ತಲ ಸೀಮೆಗಳ ಜನರನ್ನು ಕೂಡಿಸಿ ಅವನು ಎಡಿಂಗ್‌ಟನ್ನಿನಲ್ಲಿ ಗುತ್ರಮನನ್ನು ಸೋಲಿಸಿದನು. ಸೋತವನ ತಲೆ ಕಡಿಯಲಿಲ್ಲ. ಅವನಿಗೆ ದೀಕ್ಷಾಸ್ನಾನ ಮಾಡಿಸಿ, ತಾನೇ ಧರ್ಮಪಿತನಾಗಿ ನಿಂತನು.

ಗೆದ್ದ ಮೇಲೆ ಅವನು ಮಾಡಿದ ಏರ್ಪಾಡನ್ನು ಸಂಘಟನೆಯ ಕೆಲಸ ಮಾಡುವವರು ಗಮನಿಸಬೇಕು. ಅದುವರೆಗೆ ಸೈನ್ಯವೆಂದರೆ ಹೊಲ ಬಿಟ್ಟು ಬಂದ ಒಕ್ಕಲುಗಳು. ಕೊಯ್ಲು ಬಂದರೆ ಅವರು ಮನೆಗೆ ಓಡಬೇಕು, ಓಡಿದೊಡನೆ ಡೇನರು ಬರಬೇಕು. ಆಲ್‌ಫ್ರೆಡ್ ಸೈನ್ಯವನ್ನು ಎರಡು ಪಾಳಿ ಮಾಡಿದನು: ಅರ್ಧ ಮಂದಿ ಮನೆಯಲ್ಲಿ, ಅರ್ಧ ಮಂದಿ ದಂಡಿನಲ್ಲಿ. ಅರಮನೆಯ ಊಳಿಗದವರಿಗೆ ಮೂರು ಪಾಳಿ: ಒಂದು ತಿಂಗಳು ಸೇವೆ, ಎರಡು ತಿಂಗಳು ಸ್ವಂತ ಮನೆ. ಇದನ್ನು ಆಸರನೇ ಬರೆದಿದ್ದಾನೆ. ನಾಡಿನ ಸುತ್ತ ಸುಮಾರು 30 ಕೋಟೆಯೂರುಗಳೂ ಎದ್ದವು. ಅವನ ಮಗನ ಕಾಲದ್ದೆನ್ನುವ ಒಂದು ಪಟ್ಟಿ ಉಳಿದಿದೆ. ಅದರ ಪ್ರಕಾರ ಒಂದು ಕೋಲು ಗೋಡೆಗೆ, ಎಂದರೆ 16½ ಅಡಿಗೆ, ನಾಲ್ಕು ಆಳು. ವಿಂಚೆಸ್ಟರಿಗೆ 2400 ಆಳು. ಲೆಕ್ಕ ಹಾಕಿದರೆ 3300 ಗಜ ಗೋಡೆಯಾಗುತ್ತದೆ. ಅಲ್ಲಿಯ ಹಳೆಯ ಗೋಡೆಯನ್ನು ಅಳೆದರೆ ಹೆಚ್ಚುಕಡಮೆ ಅಷ್ಟೇ ಬರುತ್ತದೆ. ಅರಸನ ಕತ್ತಿಯ ಹಾಡು ಎಲ್ಲರೂ ಹಾಡುತ್ತಾರೆ. ನನಗೆ ಈ ಹಾಜರಿ ಪಟ್ಟಿಯೇ ದೊಡ್ಡದಾಗಿ ಕಂಡಿತು.

ಇನ್ನು ಅವನ ಕಾನೂನು. ತಮ್ಮಾ, ಇಲ್ಲಿ ಕಿವಿಗೊಟ್ಟು ಕೇಳು, ಇದರಲ್ಲಿ ರಜೆಯ ಪಟ್ಟಿ ಇದೆ! ಕ್ರಿಸ್‌ಮಸ್ಸಿಗೆ 12 ದಿನ, ಈಸ್ಟರಿಗೆ ಮುಂಚೆ ಏಳು, ಆಮೇಲೆ ಏಳು, ಸುಗ್ಗಿಕಾಲದಲ್ಲಿ ಮೇರಿಮಾತೆಯ ಹಬ್ಬಕ್ಕೆ ಮುಂಚಿನ ಪೂರ್ತಿ ವಾರ, ಇವಲ್ಲದೆ ಬಿಡಿ ಹಬ್ಬಗಳು ನಾಲ್ಕು. ಕೂಡಿಸಿದರೆ 37 ದಿನ. ಓದಿ ನಾನು ಹಿಗ್ಗಿದೆ. ಮುಂದಿನ ಮಾತು ಓದಿ ಸುಮ್ಮನಾದೆ. ಈ ರಜೆ ಸ್ವತಂತ್ರ ಜನರಿಗೆ. ಜೀತದಾಳುಗಳಿಗೂ ಬಿಟ್ಟಿಯಾಳುಗಳಿಗೂ ಇಲ್ಲ ಎಂದು ಅಲ್ಲಿಯೇ ಬರೆದಿದೆ. ಜೀತದವರಿಗೆ ವರ್ಷಕ್ಕೆ ನಾಲ್ಕು ಬುಧವಾರ. ಆ ದಿನ ಅವರು ತಮಗೆ ಯಾರಾದರೂ ಕೊಟ್ಟದ್ದನ್ನೋ, ಬಿಡುವಿನಲ್ಲಿ ಗಳಿಸಿದ್ದನ್ನೋ ಮಾರಿಕೊಳ್ಳಬಹುದು.

ಹೊರಗಿನವರನ್ನು ಬೈಯುವುದು ಸುಲಭ. ಹೋದ ತಿಂಗಳು ನಾವು ನಮ್ಮ ಬೇಡಿಕೆಯ ಪತ್ರ ಬರೆದೆವು. ರಜೆಯ ಕಲಮು ಬರೆದವನು ನಾನೇ. “ಹಾಜರಿ ಪುಸ್ತಕದಲ್ಲಿ ಹೆಸರುಳ್ಳ ಕಾರ್ಮಿಕರಿಗೆ” ಎಂದು ಬರೆದೆ. ಹಿಂದಿನ ಮೋರಿಯ ಬಳಿ ಪಾತ್ರೆ ತಿಕ್ಕುವ, ಕಂತ್ರಾಟುದಾರ ತಂದುಬಿಟ್ಟ ಹುಡುಗರ ಹೆಸರು ಯಾವ ಪುಸ್ತಕದಲ್ಲಿದೆ? ಯಾರೂ ನನ್ನನ್ನು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಅರಸನೊಬ್ಬನ ಪಟ್ಟಿ ನೋಡಿದ ಮೇಲೆ ಹೊಳೆಯಿತು. ಬರುವ ಕಾರ್ಯಕಾರಿ ಸಭೆಯಲ್ಲಿ ಆ ಸಾಲನ್ನು ತಿದ್ದುವ ಸೂಚನೆಯನ್ನು ನಾನೇ ತರುತ್ತೇನೆ.

ಆಲ್‌ಫ್ರೆಡ್ 899ರಲ್ಲಿ ತೀರಿಕೊಂಡನು. ಮಗ ಎಡ್ವರ್ಡ್ ಪಟ್ಟಕ್ಕೆ ಬಂದನು. ಇತಿಹಾಸದಲ್ಲಿ ಅವನ ಹೆಸರು ದೊಡ್ಡದು. ನಾನು ಹೇಳಬೇಕೆಂದಿರುವುದು ಅವನ ಅಕ್ಕ ಎಥೆಲ್‌ಫ್ಲೆಡಳನ್ನು ಕುರಿತು. ಆಕೆಯನ್ನು ಮರ್ಸಿಯಾದ ಒಡೆಯನಿಗೆ ಕೊಟ್ಟಿತ್ತು. 911ರಲ್ಲಿ ಅವನು ಸತ್ತ ಮೇಲೆ ಮರ್ಸಿಯಾದವರು ಆಕೆಯನ್ನೇ ಒಡತಿಯೆಂದು ಒಪ್ಪಿದರು. ಟ್ಯಾಮ್‌ವರ್ತ್, ಸ್ಟಾಫರ್ಡ್, ವಾರಿಕ್ ಇಲ್ಲೆಲ್ಲ ಕೋಟೆ ಕಟ್ಟಿಸಿದಳು. 917ರಲ್ಲಿ ಡರ್ಬಿಯನ್ನು ಡೇನರಿಂದ ಕಿತ್ತುಕೊಂಡಳು. ಮರುವರ್ಷ ಲೆಸ್ಟರ್ ಕಾದಾಟವಿಲ್ಲದೆ ಶರಣಾಯಿತು. 918ರ ಜೂನಿನಲ್ಲಿ ಟ್ಯಾಮ್‌ವರ್ತಿನಲ್ಲಿ ತೀರಿಕೊಂಡಳು. ಆಕೆಯ ಜಾಗಕ್ಕೆ ಬಂದ ಮಗಳನ್ನು ಸೋದರಮಾವ ಎಡ್ವರ್ಡನು ಅದೇ ವರ್ಷ ಅಧಿಕಾರದಿಂದ ಇಳಿಸಿ ವೆಸೆಕ್ಸಿಗೆ ಒಯ್ದನು. ವೆಸೆಕ್ಸಿನವರು ಬರೆದ ವಾರ್ಷಿಕ ದಾಖಲೆ ಈ ಹೆಂಗಸಿನ ಗೆಲುವುಗಳನ್ನು ನುಂಗಿಕೊಂಡಿದೆ. ಮರ್ಸಿಯಾದವರು ಬೇರೆ ಬರೆದಿಟ್ಟುಕೊಂಡಿದ್ದರಿಂದ ನಮಗೆ ತಿಳಿಯಿತು. ನಮ್ಮ ಸಂಘದ ವರದಿ ಬರೆಯುವವರು ಸ್ವಲ್ಪ ಯೋಚಿಸಲಿ.

ಆ ಕಾಲದ ಇಂಗ್ಲಿಷಿನಲ್ಲಿ ಒಡೆಯನಿಗೆ ಇದ್ದ ಹೆಸರು ‘ಹ್ಲಾಫೋರ್ಡ್’, ಎಂದರೆ ರೊಟ್ಟಿ ಕಾಯುವವನು. ಅದೇ ಸವೆದು ‘ಲಾರ್ಡ್’ ಆಯಿತು. ಒಡತಿ ‘ಹ್ಲಾಫ್‌ಡಿಗೆ’, ಹಿಟ್ಟು ನಾದುವವಳು. ಅದೇ ಇಂದಿನ ‘ಲೇಡಿ’. ಎಥೆಲ್‌ಫ್ಲೆಡಳ ಬಿರುದು ಅದೇ ಆಗಿತ್ತು. ಇವರ ಅನ್ನದಲ್ಲಿದ್ದ ಆಳಿಗೆ ‘ರೊಟ್ಟಿ ತಿನ್ನುವವನು’ ಎಂದು ಹೆಸರು. ನಿಜಕ್ಕೂ ಹಿಟ್ಟು ನಾದಿ, ಹೊಗೆ ಕುಡಿದು ರೊಟ್ಟಿ ಸುಟ್ಟವನು ಯಾರು? ಅವನ ಹೆಸರು ತಿನ್ನುವವನೆಂದು!

ಎಡ್ವರ್ಡನ ಮಗ ಎಥೆಲ್‌ಸ್ಟನ್ ಸೋದರತ್ತೆಯ ಮರ್ಸಿಯಾದಲ್ಲಿ ಬೆಳೆದನೆಂದು ಹೇಳುತ್ತಾರೆ. 925ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಅವನಿಗೆ ಪಟ್ಟಾಭಿಷೇಕವಾಯಿತು. 927ರಲ್ಲಿ ಯಾರ್ಕ್ ಅವನ ಕೈಸೇರಿತು. ಇಂಗ್ಲಿಷರೆಲ್ಲರಿಗೂ ಒಬ್ಬನೇ ಅರಸನೆಂದಾದದ್ದು ಅಂದು. 937ರಲ್ಲಿ ಬ್ರುನನ್‌ಬರ್ ಎಂಬಲ್ಲಿ ಸ್ಕಾಟರನ್ನೂ ಐರ್ಲೆಂಡಿನ ಕಡೆಯಿಂದ ಬಂದ ನಾರ್ಸರನ್ನೂ ಒಟ್ಟಿಗೆ ಸೋಲಿಸಿದನು. ಮದುವೆಯಾಗದೆಯೇ 939ರಲ್ಲಿ ತೀರಿಕೊಂಡನು. ಪಟ್ಟ ತಮ್ಮಂದಿರಿಗೆ ಹೋಯಿತು.

ಇವನ ಕಾನೂನುಗಳು ಬಲು ಕಠಿಣ. ಕದ್ದ ಜೀತದಾಳನ್ನು ಇತರ ಜೀತದಾಳುಗಳೇ ಕಲ್ಲು ಹೊಡೆದು ಕೊಲ್ಲಬೇಕೆಂಬ ನಿಯಮವೂ ಅದರಲ್ಲಿದೆ. 12 ವರ್ಷ ದಾಟಿದ ಕಳ್ಳನನ್ನು ಕೊಲ್ಲಬಹುದಾಗಿತ್ತು. ಇಷ್ಟು ಎಳೆಯರನ್ನು ಇಷ್ಟು ಸಣ್ಣ ತಪ್ಪಿಗೆ ಕೊಲ್ಲುವುದು ಕ್ರೌರ್ಯವೆಂದು ಕೊನೆಗೆ ಅರಸನಿಗೇ ಅನಿಸಿತು. ಎದುರುಬೀಳದೆ, ಓಡಿಹೋಗದೆ ಇದ್ದರೆ 15ರ ಒಳಗಿನವರನ್ನು ಕೊಲ್ಲಬಾರದೆಂದು ಬಿಷಪ್ಪರ ಮೂಲಕ ಹೇಳಿಕಳುಹಿಸಿದನು.

ಒಂದು ಹಳೆಯ ಸುವಾರ್ತೆಯ ಪುಸ್ತಕದಲ್ಲಿ ಬಿಟ್ಟ ಜಾಗದಲ್ಲಿ ಯಾರೋ ನಾಲ್ಕು ಸಾಲು ಬರೆದಿದ್ದಾರೆ. ಎಥೆಲ್‌ಸ್ಟನ್ ಅರಸನಾದೊಡನೆ ಒಬ್ಬ ಜೀತದಾಳನ್ನು ಬಿಡುಗಡೆ ಮಾಡಿದನೆಂದು ಅದರ ಒಕ್ಕಣೆ. ಆ ಆಳಿನ ಹೆಸರು ಈಡ್‌ಹೆಲ್ಮ್. ಆ ಪುಸ್ತಕ ಇಂದಿಗೂ ಲಂಡನ್ನಿನಲ್ಲಿದೆ. ತಮ್ಮಾ, ಅರಸರ ಹೆಸರು ಬಾಯಿಪಾಠವಾಗದಿದ್ದರೆ ಚಿಂತೆಯಿಲ್ಲ, ಇವನ ಹೆಸರು ಬರೆದುಕೋ. ನಾಳೆ ಹೊತ್ತು ಮೂಡುವ ಮೊದಲು ಮೋರಿಯ ಬಳಿಯ ಹುಡುಗರ ಹೆಸರು ಬರೆದುಕೊಳ್ಳಲು ನಾನು ಹೊರಡುವವನಿದ್ದೇನೆ. ಅಕ್ಷರ ಚೆನ್ನಾಗಿ ಬರೆಯುವ ಒಬ್ಬರು ಜೊತೆಗೆ ಬೇಕು.