ಆಳು ಮಾಡಿದ ಸಾಲ, ಧಣಿಯ ಹೊಣೆ

ಅಂಗಡಿ ನಿಮ್ಮದು, ನಡೆಸುವವನು ಬೇರೊಬ್ಬ. 'ಇಂಥ ಸಾಮಾನು ಉದ್ರಿ ತರಬೇಡಪ್ಪಾ' ಅಂತ ಹೇಳಿದ್ದೀರಿ, ಆತ ತಂದೇಬಿಟ್ಟ. ಸಾಲ ಕೊಟ್ಟವನಿಗೆ ನೀವು ಧಣಿಯೆಂಬುದೇ ಗೊತ್ತಿಲ್ಲ. ಆ ಸಾಲ ನಿಮ್ಮ ತಲೆಗೆ ಬಂದೀತೇ?

ಇಂಗ್ಲೆಂಡಿನಲ್ಲಿ ಇಂಥದೇ ವ್ಯಾಜ್ಯ ನಡೆಯಿತು. ಸ್ಟಾಕ್ಟನ್ ಊರಿನ ಹಂಬಲ್ ಎಂಬಾತ ತನ್ನ ಬಿಯರು ಅಂಗಡಿಯನ್ನು ಫೆನ್ವಿಕ್ ಕಂಪನಿಗೆ ವಹಿಸಿ, ಅಲ್ಲೇ ಮ್ಯಾನೇಜರಾಗಿ ಉಳಿದ. ಲೈಸೆನ್ಸು ಅವನ ಹೆಸರಲ್ಲಿ. ಬಾಗಿಲ ಮೇಲೂ ಅವನದೇ ಹೆಸರು. ಬಿಯರು, ಸೋಡಾದಂಥ ಪಾನೀಯ ಬಿಟ್ಟು ಬೇರೇನೂ ಕೊಳ್ಳಕೂಡದೆಂದು ಧಣಿಗಳ ಕಟ್ಟಪ್ಪಣೆ. ಆತ ವಾಟೋ ಎಂಬ ವ್ಯಾಪಾರಿಯಿಂದ ಚುಟ್ಟ ಮೊದಲಾದ ಸರಕನ್ನು ಉದ್ರಿ ತಂದ. ಅಂಥ ಅಂಗಡಿಯ ಮ್ಯಾನೇಜರು ವಾಡಿಕೆಯಾಗಿ ಕೊಳ್ಳುವ ಸರಕಿಗೆ ಧಣಿಯೇ ಹೊಣೆ, ಒಳಗಿನ ಅಪ್ಪಣೆ ಹೊರಗಿನವನನ್ನು ಕಟ್ಟದು ಎಂದಿತು ಕೋರ್ಟು. ತೀರ್ಪು 1893ರ ವರದಿಯಲ್ಲಿದೆ. ಅದನ್ನು ಒಪ್ಪದ ಕಾನೂನು ಪಂಡಿತರೂ ಉಂಟು.

ನಮ್ಮ 1872ರ ಕರಾರು ಕಾಯ್ದೆ ಏನನ್ನುತ್ತದೆ? ಧಣಿಯ ಪರವಾಗಿ ಏಜೆಂಟನು ಅಪ್ಪಣೆ ಮೀರಿದರೂ, ಅವನಿಗೆ ಅಧಿಕಾರವಿದೆಯೆಂಬ ನಂಬಿಕೆ ಧಣಿಯ ಮಾತು, ನಡತೆಯಿಂದ ಹುಟ್ಟಿದ್ದರೆ ಧಣಿಯೇ ಹೊಣೆ. ಇದು 237ನೆಯ ಕಲಮು. ಏಜೆಂಟನನ್ನು ಬಿಡಿಸಿದರೂ ಆ ಸುದ್ದಿ ಹೊರಗಿನವರಿಗೆ ತಿಳಿಯುವತನಕ ಅವರ ಮಟ್ಟಿಗೆ ಅವನ ಅಧಿಕಾರ ಮುಗಿಯದು. ಇದು 208ನೆಯ ಕಲಮು.

ಆದ್ದರಿಂದ ಅಪ್ಪಣೆಯನ್ನು ಆಳಿಗಷ್ಟೇ ಹೇಳಿ ಸುಮ್ಮನಾಗಬೇಡಿ. ಉದ್ರಿ ಕೊಡುವ ಗೊಬ್ಬರದಂಗಡಿ, ಮಂಡಿಗಳಿಗೂ ಬರೆದು ತಿಳಿಸಿ, ನಕಲು ಇಟ್ಟುಕೊಳ್ಳಿ. ಆಳನ್ನು ಬಿಡಿಸಿದ ದಿನವೇ ಸುದ್ದಿ ಮುಟ್ಟಿಸಿ.